ಈರಕ್ಕನ ಕೈಗುಣ ಕೆಡಿಸಿದವಳು ನಾನು

ಈರಕ್ಕನ ಎಣ್ಣೆ ನನ್ನ ಮೈ ಸುಡಲಿಲ್ಲ. ಸುಟ್ಟದ್ದು ನಾನೇ ಕದ್ದು ಹಚ್ಚಿಕೊಂಡ ಮೈಲುತುತ್ತ. ಹೇಳಬೇಕಾದ ಮಾತು ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ನನಗೆ ಮೂವತ್ತೆರಡು ವರ್ಷ ಹಿಡಿಯಿತು — ಅದೂ ಯಾರ ಕಿವಿಗೆ ಮೊದಲು ಬೀಳಬೇಕಿತ್ತೋ ಅವಳು ಮಣ್ಣಾಗಿ ಹನ್ನೊಂದು ವರ್ಷ ಕಳೆದ ಮೇಲೆ.

ನಮ್ಮದು ಮಧುಗಿರಿ ಪೇಟೆಯಲ್ಲಿ ಗ್ರಂಧಿಗೆ ಅಂಗಡಿ. ಬೇರು, ತೊಗಟೆ, ಹಿಪ್ಪಲಿ, ಇಂಗು, ಪೂಜೆಯ ಸಾಮಾನು, ದನಕರುಗಳ ಮದ್ದು — ಕೇಳಿದ್ದಕ್ಕೆ ಇಲ್ಲವೆನ್ನಬಾರದು ಎಂಬುದು ನಮ್ಮ ಮಾವನವರ ಹಟ. ನಾನು ಸಿರಾ ಕಡೆಯ ಪಟ್ಟನಾಯಕನಹಳ್ಳಿಯಿಂದ ಆ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಯಜಮಾನರು ನನಗೆ ಅಕ್ಷರ ಕಲಿಸಿದ್ದು ಪ್ರೀತಿಗಲ್ಲ, ಅಂಗಡಿಯ ಖಾನೆಗಳ ಮೇಲೆ ಅಂಟಿಸುವ ಚೀಟಿ ಬರೆಯುವುದಕ್ಕೆ. ಹಾಗಾಗಿ ಯಾವ ಖಾನೆಯಲ್ಲಿ ಏನಿದೆ ಎಂಬುದು ಮಾವನವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಓದುಬರಹ ಬಂದದ್ದರಿಂದ ಆದ ಕೇಡನ್ನು ಹೇಳುವವರು ಕಡಿಮೆ, ನಾನು ಹೇಳುತ್ತಿದ್ದೇನೆ.

ಆಗ ನನಗೆ ಇಪ್ಪತ್ತು. ಮದುವೆಯಾಗಿ ಮೂರು ವರ್ಷವಾದರೂ ಮಡಿಲು ತುಂಬಿರಲಿಲ್ಲ, ಅತ್ತೆಯವರು ಅದನ್ನು ದಿನಕ್ಕೆರಡು ಸಲವಾದರೂ ನೆನಪಿಸುತ್ತಿದ್ದರು. ತವರಿನಲ್ಲಿ ತಾಯಿ ಇಲ್ಲ. ತಮ್ಮ ರುದ್ರನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಆ ವರ್ಷ ಫಾಲ್ಗುಣದಲ್ಲಿ ಅವನ ಮದುವೆ ಗೊತ್ತಾಯಿತು. ಮದುಮಗನ ಅಕ್ಕನೇ ಕಳಸ ಹಿಡಿಯಬೇಕಲ್ಲ — ಕಳಸಗಿತ್ತಿಯಾಗಿ ನಾನು ಉಡುವ ಸೀರೆಯನ್ನು ಒಂದು ತಿಂಗಳ ಮೊದಲೇ ಮಡಿಸಿಟ್ಟಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಆಸೆಪಟ್ಟು ಕಾದ ದಿನ ಬೇರೊಂದಿರಲಿಲ್ಲ.

ಮದುವೆಗೆ ಒಂಬತ್ತು ದಿನವಿದೆ ಎನ್ನುವಾಗ ಬಲಗಡೆ ಸೊಂಟದಲ್ಲಿ ಉರಿ ಶುರುವಾಯಿತು. ಮಾರನೆಯ ದಿನ ಗುಳ್ಳೆ. ಬೆನ್ನುಮೂಳೆಯಿಂದ ಹೊಕ್ಕುಳಿನ ಕಡೆಗೆ ನಡುಪಟ್ಟಿ ಕಟ್ಟಿದ ಹಾಗೆ ಸಾಲಾಗಿ ಎದ್ದವು. ಸರ್ಪಸುತ್ತು. ಹಾವಿನ ತಲೆ ಬಾಲ ಕೂಡಿದರೆ ಪ್ರಾಣ ಉಳಿಯುವುದಿಲ್ಲವೆಂದು ಊರೆಲ್ಲ ಹೆದರುವ ರೋಗ. ವಾರಗಿತ್ತಿ ಶಿವಮ್ಮ ಅಳುವುದಕ್ಕೇ ಕೂತಳು. ಅತ್ತೆಯವರು ಅಳಲಿಲ್ಲ, ಈರಕ್ಕನಿಗೆ ಹೇಳಿ ಕಳಿಸಿದರು.

ಈರಕ್ಕ ಬೆಟ್ಟದ ಹಿಂದಿನ ಹಟ್ಟಿಯವಳು, ಕುರಿ ಸಾಕುವವರ ಪೈಕಿ. ಸರ್ಪಸುತ್ತಿಗೆ ಅವಳ ಎಣ್ಣೆ ಎಂದರೆ ಕೊರಟಗೆರೆ, ಹೊಳವನಹಳ್ಳಿ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಹೊಂಗೆಯ ಕಾಯಿ ಉದುರುವ ಕಾಲದಲ್ಲಿ ತಾನೇ ಆಯ್ದು, ಒಣಗಿಸಿ, ಗಾಣಕ್ಕೆ ಕೊಟ್ಟು ತೆಗೆಸಿದ ಎಣ್ಣೆ. ಅದರಲ್ಲಿ ಯಾವುದೋ ಒಂದು ಸೊಪ್ಪಿನ ರಸ ಹಾಕಿ ಕಾಸುತ್ತಿದ್ದಳು. ಯಾವ ಸೊಪ್ಪೆಂದು ಅವಳ ಹೊರತು ಯಾರಿಗೂ ಗೊತ್ತಿರಲಿಲ್ಲ. ಆದರೆ ಜನ ನಂಬಿದ್ದು ಸೊಪ್ಪನ್ನಲ್ಲ, ಅವಳ ಕೈಗುಣವನ್ನು. ಅದೇ ಎಣ್ಣೆಯನ್ನು ಬೇರೆಯವರು ಹಚ್ಚಿದರೆ ಹಿಡಿಯುವುದಿಲ್ಲ ಎನ್ನುತ್ತಿದ್ದರು.

ಮೊದಲ ದಿನ ಅವಳು ಬಂದದ್ದು ಈಗಲೂ ಕಣ್ಣ ಮುಂದಿದೆ. ನಲವತ್ತೈದರ ಆಜುಬಾಜಿನ ಎತ್ತರದ ಹೆಂಗಸು, ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಸಣ್ಣ ಮಡಕೆ. ಹಿತ್ತಿಲ ಬಾಗಿಲಿನಿಂದಲೇ ಬಂದು, ನನ್ನ ಕಡೆ ನೋಡುವ ಮೊದಲು ಮನೆಯವರ ಕಡೆ ತಿರುಗಿ ಕೇಳಿದಳು:

“ಅಮ್ಮ ಆಗ್ದೇ ಇರೋ ಕೂಸು ಯಾವ್ದಾದ್ರೂ ಐತಾ ಮನ್ಯಾಗೆ? ಬಸುರಿ ಹೆಂಗಸ್ರು?”

ಅಮ್ಮ ಎಂದರೆ ಸೀತಾಳೆ ಸಿಡುಬು; ಅದು ಇನ್ನೂ ಆಗಿರದ ಎರಡು ಮಕ್ಕಳು ಶಿವಮ್ಮನಿಗೆ ಇದ್ದವು. ಅವನ್ನು ಅಂದೇ ಅವಳ ತವರಿಗೆ ಕಳಿಸಬೇಕೆಂದು ಈರಕ್ಕ ಕೂತಲ್ಲೇ ಕೂತಳು. ಅತ್ತೆಯವರು ಗೊಣಗಿದರು, ಅವಳು ಕದಲಲಿಲ್ಲ. ಈಗ ನಮ್ಮ ಆಸ್ಪತ್ರೆಯ ಡಾಕ್ಟರು ಅದೇ ಮಾತನ್ನು ಹೇಳುತ್ತಾರೆ, ಇದು ಮಕ್ಕಳಿಗೆ ಅಮ್ಮನಾಗಿ ಅಂಟಬಹುದು ಎಂದು. ಅವಳಿಗೆ ಯಾರು ಹೇಳಿದ್ದರೋ — ಯಾರೂ ಹೇಳಿರಲಿಕ್ಕಿಲ್ಲ, ನೋಡಿ ನೋಡಿ ಕಂಡುಕೊಂಡಿರಬೇಕು.

ಎಣ್ಣೆ ಹಚ್ಚುವುದರಲ್ಲೂ ಅವಳದೊಂದು ಕ್ರಮವಿತ್ತು. ಬೆರಳಲ್ಲಿ ಮುಟ್ಟುತ್ತಿರಲಿಲ್ಲ. ಕುರಿಮರಿಯಿಂದ ಮೊದಲ ಸಲ ಕತ್ತರಿಸಿದ ಮೆತ್ತನೆಯ ಉಣ್ಣೆಯನ್ನು ಎಳೆ ಎಳೆಯಾಗಿ ಬಿಡಿಸಿಟ್ಟುಕೊಂಡು, ಒಂದು ಎಳೆಯನ್ನು ಒಂದೇ ಸಲ ಎಣ್ಣೆಗೆ ಅದ್ದಿ, ಮೊದಲು ಹಳೆಯದನ್ನು ಒರೆಸಿ, ಹೊಸದನ್ನು ಹಚ್ಚಿ, ಆ ಎಳೆಯನ್ನು ಅಲ್ಲೇ ನೀರೊಲೆಯ ಬೆಂಕಿಗೆ ಹಾಕುತ್ತಿದ್ದಳು. ಮೈಗೆ ಮುಟ್ಟಿದ ಎಳೆಯನ್ನು ಮತ್ತೆ ಮಡಕೆಗೆ ಅದ್ದಿದ್ದನ್ನು ನಾನು ಕಾಣೆ. ಹಿತ್ತಿಲೆಲ್ಲ ಸುಟ್ಟ ಉಣ್ಣೆಯ ವಾಸನೆ, ಹೊಂಗೆಯ ಕಹಿ ಘಾಟು. ಹೆದರಿದ್ದ ನನಗೆ ಮೆಲ್ಲಗೆ ಹೇಳಿದಳು:

“ತಲೆ ಬಾಲ ಸೇರ್ತದೆ, ಜೀವ ಹೋಯ್ತದೆ ಅಂತ ಹೆದ್ರುಸ್ತಾರೆ ಕಣವ್ವ. ಇಷ್ಟು ವರ್ಸದಾಗೆ ಒಬ್ರಿಗೂ ಸೇರಿದ್ದು ನಾ ನೋಡ್ಲಿಲ್ಲ. ನಿಮ್ಮತ್ತೆ ಬಾಯಿಗಿಂತ ಈ ಹಾವೇ ವಾಸಿ, ಸುಮ್ಕಿರು.”

ನೋವಿನಲ್ಲೂ ನಕ್ಕುಬಿಟ್ಟೆ. ಆ ಮನೆಗೆ ಬಂದಮೇಲೆ ನನ್ನ ಪರವಾಗಿ ಯಾರಾದರೂ ಆಡಿದ ಮೊದಲ ತಮಾಷೆ ಅದು.

ಒಂಬತ್ತು ದಿನ ಹಚ್ಚಬೇಕು, ಅಲ್ಲಿಯವರೆಗೆ ಗಾಡಿ ಪ್ರಯಾಣ ಕೂಡದು ಎಂದಳು. ಕೂಲಿ ಇಲ್ಲ, ಎಲೆ ಅಡಿಕೆ ಕೂಡ ಮುಟ್ಟುವುದಿಲ್ಲ. ವಾಸಿಯಾದವರು ಒಂದು ಸಲ ಹಟ್ಟಿಗೆ ಹೋಗಿ, ಕುರಿಗಳಿಗೆ ಒಂದು ಬೊಗಸೆ ಉಪ್ಪು ನೆಕ್ಕಿಸಿ ಬರಬೇಕು — ಅವಳಿಗೆ ಸಲ್ಲಬೇಕಾದದ್ದು ಅಷ್ಟೇ.

ನಾಲ್ಕನೆಯ ದಿನದ ಹೊತ್ತಿಗೆ ಹೊಸ ಗುಳ್ಳೆ ಏಳುವುದು ನಿಂತಿತ್ತು, ಹಳೆಯವು ಒಣಗಲು ತೊಡಗಿದ್ದವು. ಆದರೆ ಮದುವೆಗೆ ಇನ್ನು ನಾಲ್ಕೇ ದಿನ. ಒಂಬತ್ತು ಮುಗಿಯುವುದರೊಳಗೆ ಧಾರೆ ಮುಗಿದಿರುತ್ತದೆ. ಲೆಕ್ಕ ಹಾಕಿ ಹಾಕಿ ತಲೆ ಕೆಟ್ಟಿತು. ಆ ಹೊತ್ತಿನಲ್ಲಿ ನನಗೊಂದು ಬುದ್ಧಿ ಹೊಳೆಯಿತು. ಬುದ್ಧಿಯೆಂದು ನಾನು ಅಂದುಕೊಂಡೆ.

ಈರಕ್ಕ ನಮ್ಮ ಅಂಗಡಿಯ ಹಳೆಯ ಗಿರಾಕಿ. ಪಾವಗಡದ ಕಡೆ ಕುರಿ ಹೊಡೆದುಕೊಂಡು ಹೋಗುವ ಮೊದಲು ಬಂದು ಮೈಲುತುತ್ತ ಒಯ್ಯುತ್ತಿದ್ದಳು — ನವಿಲ ಕೊರಳಿನ ಬಣ್ಣದ ಆ ಹರಳು. ಕುರಿಯ ಗೊರಸಿನ ಸಂದಿನಲ್ಲಿ ಕೀವಾದರೆ ಅದನ್ನು ಕರಗಿಸಿ ಹಾಕುತ್ತಾರೆ, ಎರಡೇ ದಿನಕ್ಕೆ ಒಣಗುತ್ತದೆ. ಅವಳೇ ಮಾವನವರಿಗೆ ಹೇಳಿದ್ದನ್ನು ನಾನು ಒಳಗಿನಿಂದ ಕೇಳಿದ್ದೆ. ಈಗ ಅದು ನೆನಪಾಯಿತು. ಕುರಿಗೆ ಎರಡು ದಿನದ ಮದ್ದು, ನನಗೆ ಒಂಬತ್ತು ದಿನದ ಎಣ್ಣೆಯೇ? ಜೋರಾದದ್ದನ್ನು ತನ್ನ ಕುರಿಗಿಟ್ಟುಕೊಂಡು, ನಿಧಾನದ್ದನ್ನು ನಮಗೆ ಹಚ್ಚುತ್ತಿದ್ದಾಳೆ — ಹೀಗೆ ಯೋಚಿಸಿದೆ. ಮಕ್ಕಳನ್ನು ದೂರ ಕಳಿಸುವ ತನಕ ಕದಲದೆ ಕೂತವಳ ಬಗ್ಗೆ ನಾನು ಹೀಗೆ ಯೋಚಿಸಿದೆ!

ಮಧ್ಯಾಹ್ನ ಅತ್ತೆಯವರು ಮಲಗಿದಾಗ, ನಾನೇ ಚೀಟಿ ಅಂಟಿಸಿದ ಖಾನೆಯಿಂದ ಎರಡು ಹರಳು ತೆಗೆದೆ. ಕುಟ್ಟಿ ಬೆಣ್ಣೆಯಲ್ಲಿ ಕಲಸಿ, ಕೈಗೆಟುಕುವ ಮುಂದಿನ ಭಾಗಕ್ಕೆಲ್ಲ ಬಳಿದುಕೊಂಡೆ. ಆಮೇಲೆ ಆದದ್ದನ್ನು ವಿವರಿಸಲಾರೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಬಿದ್ದುಕೊಂಡಿದ್ದೆ. ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆ ತೊಳೆದುಕೊಂಡಾಗ ಚರ್ಮವೇ ಕಿತ್ತು ಬಂತು.

ಬೆಳಿಗ್ಗೆ ಅತ್ತೆಯವರು ನೋಡಿದವರೇ ಕೂಗಿಕೊಂಡರು. ಆ ಕೂಗಿಗೆ ಅಕ್ಕಪಕ್ಕದವರೆಲ್ಲ ಹಿತ್ತಿಲಿಗೆ ಬಂದರು — ಶಿವಮ್ಮ, ಎದುರು ಮನೆಯ ಹಂಪಮ್ಮ, ಇನ್ನೂ ನಾಲ್ವರು. ನನ್ನನ್ನು ಚಾಪೆಯ ಮೇಲೆ ಎಡಮಗ್ಗುಲಿಗೆ, ನೀರೊಲೆಯ ಕಡೆ ಮುಖ ಮಾಡಿ ಮಲಗಿಸಿದ್ದರು. ಸೊಂಟದ ಮುಂದೆಲ್ಲ ಹಸಿ ಮಾಂಸ. ಅಷ್ಟರಲ್ಲಿ ಈರಕ್ಕ ದಿನದ ಹಾಗೆ ಮಡಕೆ ಹಿಡಿದು ಬಂದಳು. ನೋಡಿ ಮಡಕೆ ಕೆಳಗಿಟ್ಟಳು.

“ಬೇರೆ ಏನಾರಾ ಹಚ್ಕಂಡ್ಯೇನವ್ವ?” ಎಂದಳು. ಕೇಳಿದ್ದು ಎಷ್ಟು ಮೆತ್ತಗೆ ಎಂದರೆ ನಿಜ ಹೇಳಿಬಿಡಬಹುದಿತ್ತು.

ಆದರೆ ಅತ್ತೆಯವರು ಅದೇ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳಿದರು. “ಏನಾದ್ರೂ ಹಚ್ಕಂಡಿದ್ರೆ ಈಗ್ಲೇ ಬಗುಳು. ಗಾಡಿ ಕಟ್ಸಿ ನಿಮ್ಮಪ್ಪನ ಮನೇಗೆ ಕಳಿಸ್ಬುಡ್ತೀನಿ, ಮತ್ತೆ ಈ ಹೊಸ್ತಿಲು ತುಳಿಯಂಗಿಲ್ಲ.”

ಆರು ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಇಲ್ಲ,” ಎಂದೆ. “ಈರಕ್ಕನ ಎಣ್ಣೆ ಬಿಟ್ಟು ಬೇರೇನೂ ಮುಟ್ಟಿಲ್ಲ.”

ಇದೇ ಆ ಮಾತು. ಇದನ್ನು ಬರೆಯುವಾಗಲೂ ಕೈ ನಿಂತು ನಿಂತು ಹೋಗುತ್ತಿದೆ.

ಈರಕ್ಕ ಕುಕ್ಕರುಗಾಲಲ್ಲಿ ಕೂತು, ಉಣ್ಣೆಯ ಎಳೆಯಿಂದ ಗಾಯದ ಅಂಚನ್ನು ಹಗುರವಾಗಿ ಒರೆಸಿ, ರೂಢಿಯಂತೆ ಒಲೆಗೆ ಹಾಕಿದಳು. ಬೆಂಕಿ ಹಸಿರಾಗಿ ಉರಿಯಿತು. ಕೆಂಪು ಉರಿಯ ನಡುವೆ ಒಂದು ಹಸಿರು ನಾಲಿಗೆ ಎದ್ದು, ಆ ಎಳೆ ಬೂದಿಯಾಗುವವರೆಗೆ ಇದ್ದು ಹೋಯಿತು. ಹೆಂಗಸರ ಕಣ್ಣೆಲ್ಲ ನನ್ನ ಗಾಯದ ಮೇಲಿತ್ತು. ಒಲೆಯ ಕಡೆ ಮುಖವಿದ್ದದ್ದು ನಮ್ಮಿಬ್ಬರದೇ. ವರ್ಷಾವರ್ಷ ಮೈಲುತುತ್ತ ಕರಗಿಸಿ, ಕುರಿಯ ಗೊರಸಿಗೆ ಅದನ್ನು ಹಚ್ಚಿದ ಚಿಂದಿಗಳನ್ನು ಹಟ್ಟಿಯ ಒಲೆಗೆ ಹಾಕಿದವಳಿಗೆ ಆ ಹಸಿರು ಮೈಲುತುತ್ತದ್ದೆಂದು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಕಣ್ಣು ಮುಚ್ಚಿಕೊಂಡೆ.

ಅಂದಿನವರೆಗೆ ಅತ್ತೆಯವರ ಬಾಯಲ್ಲಿ ಅವಳು ಈರಕ್ಕ. ಆ ಗಳಿಗೆಯಲ್ಲಿ ಈರಿಯಾದಳು.

“ಏನೇ ಈರಿ, ಏನೇ ಹಾಕಿದ್ದೆ ಆ ಎಣ್ಣೆಗೆ? ನಮ್ಮ ಮನೆ ಹೆಣ್ಣನ್ನ ಸುಟ್ಬುಟ್ಯಲ್ಲೇ!”

ಒಂದು ಮಾತು ಸಾಕಿತ್ತು ಅವಳಿಗೆ. ಇನ್ನೊಂದು ಎಳೆಯನ್ನು ಒರೆಸಿ, ಎಲ್ಲರನ್ನೂ ಒಲೆಯ ಕಡೆ ತಿರುಗಿಸಿದ್ದರೆ ಮುಗಿದುಹೋಗುತ್ತಿತ್ತು. ಅವಳು ಉಳಿದ ಉಣ್ಣೆಯನ್ನು ಸೆರಗಿಗೆ ಕಟ್ಟಿಕೊಂಡಳು.

“ನನ್ ಕೈಯಾಗೇ ಏನೋ ದೋಸ ಬಂದಿರ್ಬೇಕು ಕಣವ್ವ,” ಎಂದಳು. “ಗಾಯಕ್ಕೆ ತಣ್ಣೀರು ಹಾಕಿ ತೊಳೀರಿ, ಬೆಣ್ಣೆ ಗಿಣ್ಣೆ ಹಚ್ಬ್ಯಾಡ್ರಿ.” ಮಡಕೆ ಎತ್ತಿಕೊಂಡು ಬಂದ ಬಾಗಿಲಿನಿಂದಲೇ ಹೋದಳು. ಬೆಣ್ಣೆಯೆಂದು ಕೂಡ ಅವಳಿಗೆ ಗೊತ್ತಾಗಿತ್ತು.

ಮದುವೆಗೆ ನಾನು ಹೋಗಲಾಗಲಿಲ್ಲ. ಚಿಕ್ಕಪ್ಪನ ಮಗಳು ಕಳಸ ಹಿಡಿದಳಂತೆ, ಚೆನ್ನಾಗಿಯೇ ಹಿಡಿದಳಂತೆ. ಸೀರೆ ಮಡಿಸಿಟ್ಟಲ್ಲೇ ಉಳಿಯಿತು. ನನ್ನ ಸೊಂಟದಲ್ಲಿ ಅಂಗೈಯಗಲದ ಕಲೆಯೂ ಉಳಿಯಿತು.

ಹಿತ್ತಿಲಿನ ಆರು ಜನ ಸಾಕಾಗಿದ್ದರು. ವಾರದೊಳಗೆ ಪೇಟೆಯಲ್ಲೆಲ್ಲ ಅದೇ ಮಾತು: ಈರಕ್ಕನ ಕೈಗುಣ ಹೋಯ್ತಂತೆ. ಗಾಡಿ ಕಟ್ಟಿಕೊಂಡು ಬರುತ್ತಿದ್ದವರು ಬರಲಿಲ್ಲ. ಮರುವರ್ಷ ನಮ್ಮ ಹಿಂದಿನ ಬೀದಿಯ ಒಬ್ಬ ಸೊಸೆಗೆ ಹಣೆಯ ಮೇಲೆ ಸುತ್ತು ಎದ್ದಾಗ, ಈರಕ್ಕ ಬೇಡವೆಂದು ದೂರದವನೊಬ್ಬನ ಕೈಲಿ ಬರೆ ಹಾಕಿಸಿದರು. ಅವಳು ಇವತ್ತಿಗೂ ಹಣೆ ತುಂಬ ಸೆರಗು ಎಳೆದುಕೊಂಡು ಓಡಾಡುತ್ತಾಳೆ. ಎದುರಿಗೆ ಸಿಕ್ಕರೆ ನನ್ನನ್ನು ಅಕ್ಕ ಎಂದು ಕರೆಯುತ್ತಾಳೆ, ಅವಳಿಗೇನು ಗೊತ್ತು.

ಈರಕ್ಕ ಮಾತ್ರ ನಮ್ಮ ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಕುರಿ ಹೊರಡುವ ಮೊದಲು ಬಂದು ಮೈಲುತುತ್ತ ಕೇಳುತ್ತಿದ್ದಳು. ಒಂದು ಸಲ ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ; ಹೊಟ್ಟೆಯಲ್ಲಿ ಆರು ತಿಂಗಳ ಕೂಸು. ಪೊಟ್ಟಣ ಕಟ್ಟುವಾಗ ಕೈಜಾರಿ ಹರಳು ಚೆಲ್ಲಿದವು. ಅವಳು ಆಯ್ದು ಕೊಟ್ಟಳು.

“ಕಲೆ ಉಳ್ಕಂತಾ ತಾಯಿ?” ಎಂದಳು.

ತಲೆಯಾಡಿಸಿದೆ.

“ಹೊಟ್ಟೆ ಬೆಳ್ದಂಗೆ ಆ ಜಾಗ ಎಳೀತದೆ. ಬರೀ ಹೊಂಗೆ ಎಣ್ಣೆ ಸವರ್ಕೋ, ಇನ್ನೇನೂ ಬ್ಯಾಡ.”

ಆ ಕ್ಷಣ ಅವಳ ಕಾಲು ಹಿಡಿಯಬೇಕಿತ್ತು. ನಾನು ಪೊಟ್ಟಣದ ದಾರ ಬಿಗಿಮಾಡುತ್ತಾ ನಿಂತೆ. ಅತ್ತೆಯವರು ಇರುವ ತನಕ ಹೇಳಲಾರೆ ಎಂದುಕೊಂಡೆ. ಅತ್ತೆಯವರು ಹೋದರು. ಅಂಗಡಿಯ ಹೆಸರು ಕೆಡುತ್ತದೆ ಎಂದುಕೊಂಡೆ, ಮಕ್ಕಳ ಮದುವೆ ಆಗಲಿ ಎಂದುಕೊಂಡೆ — ಸುಳ್ಳಿಗೆ ಇದ್ದದ್ದು ಒಂದೇ ಮಾತು, ಸುಮ್ಮನಿರುವುದಕ್ಕೆ ಎಷ್ಟೊಂದು ಮಾತು ಬೇಕಾದವು. ಅಷ್ಟರಲ್ಲಿ ಈರಕ್ಕನೇ ಹೋದಳು.

ಹೋದ ತಿಂಗಳು ನನ್ನ ಮೊಮ್ಮಗಳು ಗಿರಿಜೆಗೆ ಸರ್ಪಸುತ್ತಾಯಿತು. ಸೊಂಟದಲ್ಲೇ, ಬಲಗಡೆಯೇ. ಆಸ್ಪತ್ರೆಯ ಡಾಕ್ಟರು ಒಳ್ಳೆಯವರು. ಬಿಳಿ ಪುಡಿ ಕೊಟ್ಟರು, ತನ್ನಷ್ಟಕ್ಕೆ ಹೋಗುವ ರೋಗ, ಹೆದರಬೇಡಿ ಎಂದರು. ಇರಬಹುದು. ಈರಕ್ಕನ ಎಣ್ಣೆ ರೋಗ ತೆಗೆಯುತ್ತಿತ್ತೋ, ತೆಗೆಯುವ ತನಕ ಉರಿ ತಣಿಸುತ್ತಿತ್ತೋ — ವಾದ ಮಾಡಲಾರೆ. ಆದರೆ ಆ ಎಣ್ಣೆ ಬಿದ್ದ ಮೇಲೆ ನಾನು ನಿದ್ದೆ ಮಾಡಿದ್ದೆ. ಹುಡುಗಿ ಹಗಲೆಲ್ಲ ಉರಿ ಉರಿ ಎಂದು ಅಳುವಾಗ ತಡೆಯಲಾಗದೆ, ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆ ಹಟ್ಟಿಗೆ ನಡೆದೆ. ಸೆರಗಿನಲ್ಲಿ ಒಂದು ಬೊಗಸೆ ಉಪ್ಪು ಕಟ್ಟಿಕೊಂಡಿದ್ದೆ.

ಈರಕ್ಕನ ಸೊಸೆ ಕೆಂಚಮ್ಮ ಕುರಿರೊಪ್ಪದ ಹತ್ತಿರ ಕಂಬಳಿ ನೂಲು ತೆಗೆಯುತ್ತಿದ್ದಳು. ಎಣ್ಣೆ ಕೇಳಿದೆ.

“ಇಲ್ಲ ಕಣವ್ವ. ಅತ್ತೆ ಯಾರ್ಗೂ ಹೇಳ್ಕೊಡ್ಲಿಲ್ಲ. ನಾನೂ ಕೇಳ್ದೆ. ಕೈಗುಣ ಹೋದೋಳು ನಿನ್ ಕೈಗೆ ಏನು ದಾಟುಸ್ಲಿ, ನಿಂಗೂ ಕೆಟ್ಟ ಹೆಸ್ರು ಬತ್ತದೆ ಅಂದ್ಬುಟ್ರು. ಆ ಸೊಪ್ಪು ಯಾವ್ದೋ, ಅವ್ರ ಜತೇಗೇ ಹೋಯ್ತು.”

ನಾನು ಅಲ್ಲೇ ಕೂತೆ. ಎಲ್ಲವನ್ನೂ ಹೇಳಿದೆ. ಖಾನೆ, ಬೆಣ್ಣೆ, ಇಲ್ಲ ಎಂದದ್ದು, ಹಸಿರು ಬೆಂಕಿ. ಕೆಂಚಮ್ಮ ನೂಲುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೇಳಿದಳು:

“ಗೊತ್ತೈತೆ.”

“ಯಾರಿಗೆ?”

“ಮನೇರ್ಗೆಲ್ಲ. ಅವತ್ತು ನಮ್ಮತ್ತೆ ಬಂದು ಹೇಳಿದ್ರು. ನಮ್ಮ ಮಾವ ದೊಣ್ಣೆ ತಗಂಡು ನಿಮ್ ಅಂಗ್ಡಿ ತಾವ ಹೊಲ್ಟಿದ್ರು. ಅತ್ತೆ ಬಾಗ್ಲಿಗೆ ಅಡ್ಡ ನಿಂತ್ಕಂಡ್ರು. ಆ ಮನೆ ಬುಟ್ರೆ ಆ ಮಗೀಗೆ ಏನೈತೆ, ತಾಯಿಲ್ಲ, ಮಕ್ಕಳಿಲ್ಲ. ನನ್ಗೆ ಕುರಿ ಅವೆ, ನಾ ಬದುಕ್ತೀನಿ ಅಂದ್ರು.”

ಮೂವತ್ತೆರಡು ವರ್ಷ. ಅಷ್ಟೂ ವರ್ಷ ಇವರೆಲ್ಲ ನಮ್ಮ ಅಂಗಡಿಗೆ ಬಂದು, ನನ್ನ ಕೈಯಿಂದಲೇ ಪೊಟ್ಟಣ ತೆಗೆದುಕೊಂಡು, ಬರ್ತೀವಿ ಕಣವ್ವ ಎಂದು ಹೇಳಿ ಹೋಗಿದ್ದರು. ಅಂಥ ದೊಡ್ಡತನವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕೆ ನಾನು ಯೋಗ್ಯಳಾಗಿರಲಿಲ್ಲ ಎಂಬುದನ್ನು ಅವರು ಒಂದು ದಿನವೂ ಮುಖದಲ್ಲಿ ತೋರಿಸಲಿಲ್ಲ.

ಸೆರಗು ಬಿಚ್ಚಿ ಉಪ್ಪು ಚಾಚಿದೆ. ಕೆಂಚಮ್ಮ ತೆಗೆದುಕೊಳ್ಳಲಿಲ್ಲ.

“ಇಲ್ಲಿ ಹೇಳಿ ಏನ್ ಬಂತವ್ವ, ನಮ್ಗೆ ಗೊತ್ತಿರೋದ್ನೇ. ಅವತ್ತು ಯಾರ್ ಮುಂದೆ ಅಂದ್ರೋ ಅವ್ರ್ ಮುಂದೆ ಹೇಳಿ. ಆಮ್ಯಾಕೆ ಉಪ್ಪು ತಗಂಡ್ ಬನ್ನಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪು ಕಟ್ಟಿಕೊಂಡು ಮನೆಗೆ ಬಂದೆ.

ಅಂದು ಹಿತ್ತಿಲಿನಲ್ಲಿದ್ದ ಆರು ಜನರಲ್ಲಿ ಈಗ ಉಳಿದಿರುವವರು ಇಬ್ಬರು. ಮನೆಯಲ್ಲಿ ಯಜಮಾನರಿಗೆ, ಮಗನಿಗೆ, ಸೊಸೆಗೆ ಮೊದಲು ಹೇಳಿದೆ. ಯಜಮಾನರು ಎದ್ದು ಅಂಗಡಿಗೆ ಹೋದರು. ಆಮೇಲೆ ಶಿವಮ್ಮನಿಗೆ ಹೇಳಿದೆ. “ಅಯ್ಯೋ ಬುಡೇ, ಯಾವ ಕಾಲದ್ದು ಅದು, ಈಗ್ಯಾಕೆ ಕೆದಕ್ತೀಯ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಅಂದು ಪೇಟೆಯಲ್ಲಿ ಮಾತು ಹಬ್ಬಿಸುವಾಗ ಇಷ್ಟು ಹಗುರವಾಗಿ ಬಿಟ್ಟಿರಲಿಲ್ಲ ಅವಳು. ಇರಲಿ, ಅವಳನ್ನು ಅನ್ನುವ ಬಾಯಿ ನನ್ನದಲ್ಲ.

ಇನ್ನು ಉಳಿದವಳು ಎದುರು ಮನೆಯ ಹಂಪಮ್ಮ. ಅವಳಿಗೆ ಎಂಬತ್ತು ದಾಟಿದೆ. ಬೆಳಗಿನ ಬಿಸಿಲಿಗೆ ಜಗಲಿಯ ಮೇಲೆ ಕೂತಿರುತ್ತಾಳೆ, ಒಳಗೆ ಕರೆದರೆ ಬರುವುದಿಲ್ಲ. ಎರಡು ಕಿವಿಯೂ ಬಹಳ ಮಂದ. ಅವಳ ಹತ್ತಿರ ಚಿಟಿಕೆ ಉಪ್ಪು ಕೇಳಬೇಕಾದರೂ ಪೇಟೆಯ ಆ ತುದಿಯವರೆಗೆ ಕೇಳಿಸುವಂತೆ ಕೂಗಬೇಕು. ಹಣೆಗೆ ಸೆರಗು ಎಳೆದುಕೊಂಡವಳು ನೀರಿಗೆ ಹೋಗುವುದೂ ಅದೇ ಹೊತ್ತಿಗೆ, ಅದೇ ಬೀದಿಯಲ್ಲಿ. ಅಂಗಡಿಗಳು ಬಾಗಿಲು ತೆಗೆಯುವುದೂ ಆಗಲೇ.

ನಿನ್ನೆ ಹೋದೆ. ಹಂಪಮ್ಮನ ಪಕ್ಕ ಕೂತು ಮೆಲ್ಲಗೆ ಶುರುಮಾಡಿದೆ. ಅವಳು ಕಿವಿಗೆ ಕೈ ಕೊಟ್ಟು, “ಆಂ? ಏನಂದೆ? ಜೋರಾಗಿ ಹೇಳೇ ತಾಯಿ,” ಎಂದಳು. ಬೀದಿಯ ಕಡೆ ನೋಡಿದೆ. ಎದ್ದು ಬಂದುಬಿಟ್ಟೆ.

ಉಪ್ಪು ಗೂಟಕ್ಕೆ ನೇತು ಹಾಕಿದ ಚೀಲದಲ್ಲಿದೆ. ನಾಳೆ ಬೆಳಿಗ್ಗೆ ಮತ್ತೆ ಹೋಗುತ್ತೇನೆ. ಕೂಗಿ ಹೇಳುತ್ತೇನೆ.